ಪುಟವಿಲ್ಲದ ಪುಸ್ತಕಕ್ಕೆ ಕಪಾಟಿಲ್ಲ

ಮಾನ್ಯ ಗ್ರಂಥಾಲಯ ನಿರ್ದೇಶಕರೇ,

ನನ್ನ ಅಕ್ಕನ ಕಾದಂಬರಿ ಪುಸ್ತಕವೇ ಅಲ್ಲವೆಂದು ನಿಮ್ಮ ಕಚೇರಿ ತಿರಸ್ಕರಿಸಿದೆ. ಅದೇ ಕಾದಂಬರಿಗಾಗಿ ಅವಳನ್ನು ನಿಮ್ಮ ವೇದಿಕೆಗೆ ಕರೆದು ಚಪ್ಪಾಳೆಯನ್ನೂ ತಟ್ಟಿಸಿದೆ. ಒಂದೇ ಕಟ್ಟಡದ ಕೆಳಮಹಡಿಗೆ ಬೇಡವಾದದ್ದು ಮೇಲ್ಮಹಡಿಗೆ ಹೇಗೆ ಬೇಕಾಯಿತು? ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರೆದುರು ಕೇಳುತ್ತಿದ್ದೇನೆ, ಏಕೆಂದರೆ ಒಬ್ಬಳೇ ಬಂದು ಕೇಳಿದಾಗಲೆಲ್ಲ ತಾವು ಸಭೆಯಲ್ಲಿದ್ದಿರಿ.

ಅಕ್ಕ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವಳು. ನಡುವಯಸ್ಸಿನಲ್ಲಿ ಕಣ್ಣು ಹೋಯಿತು. ಬಹಳ ಕಾಲ ಗೋಡೆಗೆ ಮುಖಮಾಡಿ ಕೂತಿದ್ದವಳು ಒಂದು ದಿನ ಇದ್ದಕ್ಕಿದ್ದಂತೆ ಕತೆ ಹೇಳತೊಡಗಿದಳು. ದೋಣಿ ನಡೆಸುವ ಒಬ್ಬ ಜಗಳಗಂಟಿಯ ಕತೆ. ಪ್ರಕಾಶಕರೊಬ್ಬರ ಬಳಿ ಹೋದೆವು. "ಕಣ್ಣಿಲ್ದೆ ಹೇಗಮ್ಮ ಬರೀತೀರಿ?" ಎಂದರು. "ಬರೆಯೋದಿಲ್ಲ, ಹೇಳ್ತೀನಿ," ಎಂದಳು. ಅವರು ಚಹಾ ಕುಡಿಸಿ ಕಳುಹಿಸಿಕೊಟ್ಟರು.

ಕಾಲ ಬದಲಾಗಿದ್ದು ನಮ್ಮ ಪುಣ್ಯ. ಹೊರಗಿನ ಸದ್ದು ತಡೆಯಲು ರಜಾಯಿಗಳನ್ನು ನೇತುಹಾಕಿದ ಉಗ್ರಾಣದಲ್ಲಿ ಕೂತು ಇಡೀ ಕಾದಂಬರಿಯನ್ನು ಫೋನಿಗೆ ಹೇಳಿದಳು. ಪಕ್ಕದ ಮನೆಯ ಮಿಕ್ಸಿ ಶುರುವಾದರೆ ಭಾವ ಓಡಿಹೋಗಿ ಕೈಮುಗಿಯುತ್ತಿದ್ದರು. ಅದು ಒಂದು ಆಪ್‌ನಲ್ಲಿ ಕೇಳುಪುಸ್ತಕವಾಗಿ ಹೊರಬಂತು. ಗುರುತಿಲ್ಲದ ಹೆಂಗಸೊಬ್ಬಳು ಫೋನ್ ಮಾಡಿ, "ನಿಮ್ಮ ದೋಣಿಯವಳಿಂದ ನಮ್ಮನೆ ಹಾಲೆಲ್ಲ ಉಕ್ಕಿಹೋಯ್ತು ಕಣ್ರೀ," ಎಂದು ಬೈದ ದಿನ ಅಕ್ಕ ಹೊಟ್ಟೆತುಂಬ ಊಟ ಮಾಡಿದಳು.

ಅದನ್ನು ಗ್ರಂಥಾಲಯಕ್ಕೆ ಕೊಂಡುಕೊಳ್ಳಿ ಎಂದು ನಾವಿಬ್ಬರೂ ಕೇಳಲು ಬಂದರೆ, ನಿಮ್ಮ ಆಯ್ಕೆ ವಿಭಾಗದ ಗುಮಾಸ್ತರು ಮೇಜು ತಟ್ಟಿ, "ಪುಸ್ತಕ ಅಂದ್ರೆ ಇಲ್ಲಿ ಇಟ್ರೆ ಕಾಣ್ಬೇಕು," ಎಂದರು. ಸರಿ, ಕೇಳಿದಷ್ಟೇ ಪ್ರತಿ ಅಚ್ಚುಹಾಕಿಕೊಡುವ ಕಡೆ ಒಂದನ್ನು ಮಾಡಿಸಿ ಒಯ್ದೆವು. ನೋಂದಾಯಿತ ಪ್ರಕಾಶಕರ ಹೆಸರಿಲ್ಲವೆಂದು ಅದೂ ತಿರುಗಿ ಬಂತು. ಅಡುಗೆಯ ರುಚಿ ನೋಡದೆ ಪಾತ್ರೆ ಯಾವ ಅಂಗಡಿಯದೆಂದು ಕೇಳುವ ನಾಲಿಗೆಗೆ ಏನೆನ್ನಬೇಕು, ಸ್ವಾಮಿ?

ಇಷ್ಟಾದ ಮೇಲೆ ಮೇಲ್ಮಹಡಿಯ ಗೋಷ್ಠಿಗೆ ನಿಮ್ಮ ಆಮಂತ್ರಣ ಬಂತು: 'ಬದಲಾಗುತ್ತಿರುವ ಪ್ರಕಾಶನ, ಲೇಖಕರಿಗೆ ಹೊಸ ಅವಕಾಶ.' ಅಕ್ಕನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಲೇಖಕರು ಇನ್ನು ಯಾರ ಬಾಗಿಲೂ ತಟ್ಟಬೇಕಾಗಿಲ್ಲವೆಂದು ಭಾಷಣ ಮಾಡಿದಿರಿ.

"ನಿಮ್ಮ ಬಾಗಿಲು ಎರಡು ಸಲ ತಟ್ಟಿದೀನಿ ಸಾರ್," ಎಂದಳು ಅಕ್ಕ, ಮೆಲ್ಲಗೆ. ಮೈಕು ಅವಳ ಮುಂದೆಯೂ ಇತ್ತು. ಸಭೆಗೆಲ್ಲ ಕೇಳಿಸಿತು.

ನೀವು ನಕ್ಕು, "ಅದು ಬೇರೆ ವಿಭಾಗ," ಎಂದಿರಿ.

ಅಕ್ಕ ಎದ್ದಳು. ನನ್ನ ತೋಳು ಹಿಡಿದು, "ಕೆಳಗೆ ಕರ್ಕೊಂಡು ಹೋಗೇ," ಎಂದಳು. ವಾಚನಾಲಯದ ನಡುವೆ ನಿಂತು ಮೊದಲ ಅಧ್ಯಾಯ ಶುರುಮಾಡಿದಳು. ಓದುತ್ತಿದ್ದವರ ಕೈಯ ಪತ್ರಿಕೆಗಳು ಒಂದೊಂದಾಗಿ ಕೆಳಗಿಳಿದವು. ಕಾವಲುಗಾರ ಬಂದು, "ಅಮ್ಮ, ಇಲ್ಲಿ ಓದ್ಬಹುದು, ಮಾತಾಡೋ ಹಾಗಿಲ್ಲ," ಎಂದ.

"ಓದ್ತಾನೇ ಇದೀನಪ್ಪ," ಎಂದಳು ಅಕ್ಕ.

ಅವನು ಕುರ್ಚಿಯೊಂದನ್ನು ಎಳೆದು ಅವಳ ಹಿಂದಿಟ್ಟ. ಅಧ್ಯಾಯ ಮುಗಿಯುವವರೆಗೆ ಯಾರೂ ಏಳಲಿಲ್ಲ. ಮರುದಿನ ನಿಮ್ಮ ನೋಟಿಸು ಬಂತು: ಶಾಂತಿಭಂಗ ಮಾಡಿದ್ದಕ್ಕಾಗಿ ಅಕ್ಕನಿಗೆ ಇನ್ನು ವಾಚನಾಲಯಕ್ಕೆ ಪ್ರವೇಶವಿಲ್ಲ. ಹೊಸ ಅವಕಾಶವೆಂದರೆ ಇದೇ ಇರಬೇಕು.

ಆ ನೋಟಿಸನ್ನು ಹಿಂತೆಗೆದುಕೊಳ್ಳಿ. ಕಿವಿಯಿಂದ ಓದುವ ಪುಸ್ತಕಕ್ಕೂ, ಲೇಖಕರೇ ಹೊರತಂದ ಪುಸ್ತಕಕ್ಕೂ ನಿಮ್ಮ ನಿಯಮದಲ್ಲಿ ಜಾಗ ಮಾಡಿ. ಆಮೇಲೆ ಅಕ್ಕನ ಕಾದಂಬರಿಯನ್ನು ಕೂತು ಕೇಳಿ; ಹಿಡಿಸದಿದ್ದರೆ ಧಾರಾಳವಾಗಿ ತಿರಸ್ಕರಿಸಿ. ಕೆಟ್ಟ ಕಾದಂಬರಿ ಎನ್ನಿಸಿಕೊಳ್ಳಲು ಅವಳು ಸಿದ್ಧಳಿದ್ದಾಳೆ. ಕಾದಂಬರಿಯೇ ಅಲ್ಲ ಎನ್ನಿಸಿಕೊಳ್ಳಲು ಅಲ್ಲ.

ಇಂತಿ,
ಹೊರಗಟ್ಟಿಸಿಕೊಂಡ ಲೇಖಕಿಯ,
ಸದ್ಯಕ್ಕೆ ಒಳಗೆ ಬಿಡಲ್ಪಡುತ್ತಿರುವ ತಂಗಿ