ಮೊಣಕಾಲಿನ ದುಂಡನೆಯ ಕೋಶಗಳು

ನವೆಂಬರ್ ೧೮, ಮಂಗಳವಾರ

ಮೂರು ತಿಂಗಳಿಂದ ತಲೆ ತಿನ್ನುತ್ತಿದ್ದ ಪ್ರಶ್ನೆ ಇವತ್ತು ಇತ್ಯರ್ಥವಾಯಿತು. ನಾಯಿಯ ಮೊಣಕಾಲಿನಲ್ಲಿ ಮೂಳೆಗೆ ಮೂಳೆ ಬಿಗಿಯುವ ಲಿಗಮೆಂಟಿನಲ್ಲಿ ನನಗೆ ಸಿಗುತ್ತಿದ್ದ ದುಂಡನೆಯ ಜೀವಕೋಶಗಳು ಅಲ್ಲಿಯವೇ ಅಲ್ಲ ಎನ್ನುವುದು ಪ್ರೊಫೆಸರರ ಹಟ. "ನಿನ್ನ ಚಾಕು ಪಕ್ಕದ ಮೃದ್ವಸ್ಥಿಗೆ ತಾಗಿದೆ ಕಣಮ್ಮ, ದುಂಡನೆಯವು ಇರೋದೇ ಅಲ್ಲಿ, ಅಲ್ಲಿಂದ ಬಂದು ಸೇರ್ಕೊಂಡಿವೆ," ಎಂದು ಪ್ರತಿ ಸಲವೂ ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಇವತ್ತು ಮೃದ್ವಸ್ಥಿಯ ಹತ್ತಿರಕ್ಕೂ ಹೋಗದೆ, ಲಿಗಮೆಂಟಿನ ನಟ್ಟನಡುವಿನಿಂದಲೇ ತೆಳುವಾದ ಪದರ ಕೊಯ್ದು ಅವರ ಮುಂದಿಟ್ಟೆ. ಹೋಲಿಸಿ ನೋಡಲು ಅದೇ ನಾಯಿಯ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ನನ್ನೂ ಇಟ್ಟೆ. ಟೆಂಡನ್ನಿನ ಕೋಶಗಳು ತೆಳ್ಳಗೆ, ಉದ್ದಕ್ಕೆ, ಸಾಲಾಗಿ ನಿಂತಿದ್ದವು. ಲಿಗಮೆಂಟಿನಲ್ಲಿ ಮಾತ್ರ ತೆಳ್ಳನೆಯವುಗಳ ನಡುವೆ ದುಂಡನೆಯವು ಎರಡು ಮೂರಾಗಿ ಹಾಯಾಗಿ ಕೂತಿದ್ದವು. ಪ್ರೊಫೆಸರರು ಮೈಕ್ರೋಸ್ಕೋಪಿನಿಂದ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಕೊನೆಗೆ, "ನಿನ್ನ ಚಾಕುವಿನ ಹತ್ರ ನಾನು ಕ್ಷಮೆ ಕೇಳ್ಬೇಕು," ಎಂದರು. ಹಾಲು ಕುಡಿದಷ್ಟು ಸಂತೋಷವಾಯಿತು.

ಸಂಜೆ ದರ್ಜಿಯವರಿಗೆ ಫೋನ್ ಮಾಡಿದೆ. ವಯಸ್ಸಾಗಿ ತೀರಿಕೊಂಡ ತಮ್ಮ ನಾಯಿಯ ಕಾಲನ್ನು ನಮ್ಮ ಅಧ್ಯಯನಕ್ಕೆ ಕೊಟ್ಟವರು ಅವರೇ. ಎಲ್ಲ ಕೇಳಿದ ಮೇಲೆ ಅವರು ಹೇಳಿದರು:

"ಹದಿಮೂರು ವರ್ಷ ಆ ಕಾಲು ನನ್ನ ಹಿಂದೇನೇ ಓಡಾಡ್ತು ಮೇಡಂ. ಒಳಗೆ ಏನಿದೆ ಅಂತ ಗೊತ್ತಾಗಿದ್ದು ಇವತ್ತೇ. ಒಂದು ಫೋಟೋ ಕೊಡ್ತೀರಾ? ಅಂಗಡೀಲಿ ಹಾಕ್ತೀನಿ."

ಮೈಕ್ರೋಸ್ಕೋಪಿನಲ್ಲಿ ಕಂಡ ಆ ಕೋಶಗಳ ಫೋಟೋ ಮುದ್ರಿಸಿ ತಂದಿದ್ದೇನೆ. ಹಿಂಬದಿಯಲ್ಲಿ 'ಮಾದರಿ ಹದಿನಾಲ್ಕು' ಎಂದಿತ್ತು. ಅದನ್ನು ಹೊಡೆದುಹಾಕಿ 'ಚೂಟಿ' ಎಂದು ಬರೆದೆ. ಅಂಗಡಿಗೆ ಬರುವವರೆಲ್ಲ ಆ ನಾಯಿಯನ್ನು ಹಾಗೇ ಕರೆಯುತ್ತಿದ್ದರಂತೆ.

ಕಣ್ಣು ಎಳೆಯುತ್ತಿದೆ. ಬೆಳಿಗ್ಗೆ ಅವರು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಕೈಯಲ್ಲಿ ಕೊಟ್ಟು...