ಗೆರೆ ದಾಟಿದ ಚೆಂಡು

ನನ್ನ ಅಪ್ಪನಿಗೆ, ಖಾನಾಪುರದ ಸೀಟಿ ಮಾಸ್ತರರಿಗೆ,

ನಿನಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ರವಿವಾರದ ಬೆಳಗು. ಇಸ್ತ್ರಿ ಮಾಡಿದ ಕರಿ ಅಂಗಿ, ಕರಿ ಚಡ್ಡಿಯನ್ನು ಚೀಲದಲ್ಲಿ ಮಡಚಿಟ್ಟುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಬೆಳಗಾವಿಯ ಗಾಡಿ ಹಿಡಿಯಲು ನೀನು ಹೊರಡುತ್ತಿದ್ದೆ. ವಾರವೆಲ್ಲ ಸಾಲೆಯ ಹುಡುಗರಿಗೆ ಕವಾಯತು ಕಲಿಸುವ ಮಾಸ್ತರ, ರವಿವಾರ ಬೆಳಗಾವಿ ಕ್ಯಾಂಪಿನ ಮೈದಾನದಲ್ಲಿ ಫುಟ್‌ಬಾಲ್ ರೆಫರಿ. ಅವ್ವ ಬಾಗಿಲಲ್ಲಿ ನಿಂತು ಅನ್ನುತ್ತಿದ್ದಳು, "ಮಂದಿ ರವಿವಾರ ಮನ್ಯಾಗ ಆರಾಮ ಕುಂದರ್ತಾರ, ನೀವು ಟಿಕೆಟ್ ತಗಸ್ಕೊಂಡು ಬೈಸ್ಕೊಳ್ಳಾಕ ಹೋಗ್ತೀರಿ." ನೀನು ನಗುತ್ತಿದ್ದೆ. "ಬೈಸ್ಕೊಳ್ಳಾಕ ಒಬ್ಬಾಂವ ಬೇಕಲಾ? ಇಲ್ಲಂದ್ರ ಅವರವರ ಹೊಡದಾಡ್ತಾರ." ಆ ನಗು ಮುಂದೆ ಒಂದು ದಿನ ನಿಂತುಹೋಯಿತು. ಯಾಕೆ ನಿಂತಿತು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಮಾತಾಡಲಿಲ್ಲ.

ಗುಂಜಿಯ ಪರಶುರಾಮ ನಮ್ಮ ಮನೆಗೆ ಮೊದಲ ಸಲ ಬಂದದ್ದು ನೆನಪಿದೆಯೇ? ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರದ ಸಾಲೆಗೆ ಬರುತ್ತಿದ್ದ ಹುಡುಗ. ಮನೆಮಾತು ಮರಾಠಿ, ತಂದೆ ಇಲ್ಲ, ತಾಯಿ ಮಂದಿಯ ಗದ್ದೆಯಲ್ಲಿ ನಾಟಿ ಮಾಡುವವಳು. ಬರಿಗಾಲಲ್ಲಿ ಅವನು ಚೆಂಡು ಒಯ್ಯುತ್ತಿದ್ದರೆ ನೀನು ಕವಾಯತು ಮರೆತು ನೋಡುತ್ತ ನಿಲ್ಲುತ್ತಿದ್ದೆ. ಸಂಜೆ ಗಾಡಿ ಬರುವತನಕ ನಮ್ಮ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತ ಅವನು ಕನ್ನಡ ಕಲಿತ, ನನ್ನನ್ನು ಅಕ್ಕಾ ಅನ್ನಲು ಕಲಿತ. ಸಾಲೆಯ ಒಂದು ಪಂದ್ಯದಲ್ಲಿ ಅವನು ಗೋಲು ಹೊಡೆದ, ನೀನು ಸೀಟಿ ಊದಿದೆ, ಹುಡುಗರೆಲ್ಲ ಕುಣಿದರು. ಅವನು ಮಾತ್ರ ನಿನ್ನ ಹತ್ತಿರ ಬಂದು, "ಸರ್, ಕೈಗೆ ಬಡದಿತ್ರೀ" ಅಂದ. ನೀನು ಗೋಲು ರದ್ದು ಮಾಡಿದೆ. ಮನೆಗೆ ಬಂದು ಅವ್ವನಿಗೆ ಎಷ್ಟು ಖುಷಿಯಿಂದ ಹೇಳಿದೆ! "ಇಂಥ ಹುಡುಗೂರ ಇದ್ರ ರೆಫ್ರೀನ ಬ್ಯಾಡ ನೋಡ."

ನನ್ನ ಮದುವೆಯಾಗಿ ನಾನು ಬೆಳಗಾವಿಯ ಶಹಾಪುರಕ್ಕೆ ಬಂದಾಗ ನಿನ್ನ ಅಳಿಯ ಅಶೋಕರದು ಒಂದೇ ಖೋಲಿಯ ಫೋಟೋ ಸ್ಟುಡಿಯೋ. ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಮದುವೆಗೆ ವಿಡಿಯೋ ತೆಗೆಸುವ ಹುಚ್ಚು ಊರಿಗೆಲ್ಲ ಹತ್ತಿತು, ಅವರೂ ಒಂದು ಕ್ಯಾಮೆರಾ ತಂದರು. ಹೆಗಲ ಮೇಲೆ ಕ್ಯಾಮೆರಾ, ಬಗಲಲ್ಲಿ ಕ್ಯಾಸೆಟ್ ಓಡುವ ಪೆಟ್ಟಿಗೆ, ಹಿಂದೆ ವಾಯರು ಹಿಡಿದುಕೊಂಡು ನಾನು. ನೀನು ಒಮ್ಮೆ ಬಂದವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಾಗ ಹಿಡದದ್ದು ಮತ್ತ ಮತ್ತ ನೋಡಬಹುದೇನ್ರಿ?" ಅಂತ ಕೇಳಿದೆ. ನೋಡಬಹುದು ಅಂದರು ಅಶೋಕ. "ನಮಗ ರೆಫ್ರೀಗೋಳಿಗೆ ಮಾತ್ರ ಒಂದ ಸಲ" ಅಂದು ನೀನು ಚಹಾ ಕುಡಿದು ಎದ್ದೆ.

ಆ ವರ್ಷದ ಕಪ್ಪಿನ ಫೈನಲ್ಲಿನ ಬೆಳಗ್ಗೆ ನೀನು ನಮ್ಮ ಮನೆಗೆ ಬಂದೇ ಮೈದಾನಕ್ಕೆ ಹೋದದ್ದು. ತಿಂಡಿ ಮುಟ್ಟಲಿಲ್ಲ. ಪರಶುರಾಮ ಆಗ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ದಿನಗೂಲಿ, ಆಡುವುದೂ ಅವರದೇ ಟೀಮಿಗೆ. ಕಪ್ಪು ಗೆದ್ದರೆ ಅವನನ್ನು ಪರ್ಮನೆಂಟ್ ಮಾಡುತ್ತೇನೆಂದು ಮಾಲೀಕ ಹೇಳಿದ್ದ, ಹಾಗಂತ ಹುಡುಗನೇ ನಿನಗೆ ಹಿಂದಿನ ವಾರ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದ. ಎದುರು ತಂಡದವನೊಬ್ಬ ನಿನ್ನನ್ನು ಚುಚ್ಚಿದ್ದ: "ನಿಮ್ಮ ಹುಡುಗ ಆಡಾಕತ್ತಾನಂತಲ್ರೀ ಮಾಸ್ತರ. ಹಂಗಾರ ಕಪ್ಪು ಅವರದ ಪಕ್ಕಾ ಬಿಡ್ರಿ." ನೀನು ಕಮಿಟಿಯವರ ಹತ್ತಿರ ಹೋಗಿ ಬೇರೆ ರೆಫರಿ ಹಾಕಿರೆಂದು ಕೇಳಿಕೊಂಡೆ. ಬೇರೆ ಯಾರಿದ್ದರು? ಹೊರಡುವಾಗ ಹೊಸ್ತಿಲಲ್ಲಿ ನಿಂತು ನನಗೆ ಅಂದೆ, "ಗಿರಿಜಾ, ಇವತ್ತ ಅಂವ ನನಗ ಯಾರೂ ಅಲ್ಲ." ನಾನು ಹೂಂ ಅಂದೆ. ಆ ಮಾತು ಅಷ್ಟು ಭಾರದ್ದೆಂದು ನನಗೇನು ಗೊತ್ತಿತ್ತು?

ಕಪ್ಪು ದಾನ ಕೊಟ್ಟ ಸಾಹುಕಾರರು ತಮ್ಮ ಕೈಯಿಂದ ಬಹುಮಾನ ಕೊಡುವುದನ್ನು ವಿಡಿಯೋ ತೆಗೆಯಲು ಅಶೋಕರನ್ನು ಕರೆಸಿದ್ದರು. ಸಾಹುಕಾರರ ಪೆಂಡಾಲು ಇದ್ದದ್ದು ಗೋಲಿನ ಮಗ್ಗುಲಿಗೆ, ಹಾಗಾಗಿ ನಾವೂ ಅಲ್ಲೇ ನಿಂತೆವು. ಆಟ ಮುಗಿಯಲು ಬಂದರೂ ಎರಡೂ ಕಡೆ ಗೋಲಿಲ್ಲ. ಆಗ ಪರಶುರಾಮ ದೂರದಿಂದ ಹೊಡೆದ ನೋಡು. ಚೆಂಡು ಮೇಲಿನ ಅಡ್ಡಪಟ್ಟಿಯ ಅಡಿಗೆ ಬಡಿದು ನೆಲಕ್ಕೆ ಬಿತ್ತು, ಪುಟಿದು ಹೊರಗೆ ಬಂತು, ಗೋಲ್‌ಕೀಪರ್ ತಬ್ಬಿಕೊಂಡ. ಜನ ಗೋಲ್ ಅಂತ ಎದ್ದುನಿಂತರು. ಲೈನ್ಸ್‌ಮನ್ ಎಲ್ಲೋ ಹಿಂದೆ ಉಳಿದಿದ್ದ. ಎಲ್ಲರೂ ನಿನ್ನ ಬಾಯಿ ನೋಡಿದರು. ನೀನು ಎರಡೂ ಕೈ ಮುಂದೆ ಚಾಚಿ ಆಡಿ, ಆಡಿ ಅಂದೆ. ಪರಶುರಾಮ ಓಡಿ ಬಂದ. "ಸರ್, ಒಳಗ ಬಿದ್ದಿತ್ರೀ. ನಾ ಸುಳ್ಳ ಹೇಳ್ತೀನೇನ್ರಿ ಸರ್?" ನೀನು ಜೇಬಿನಿಂದ ಹಳದಿ ಕಾರ್ಡು ತೆಗೆದು ಅವನ ಮುಖದ ಮುಂದೆ ಹಿಡಿದೆ. ಅಪ್ಪಾ, ಅವನು ಕಾರ್ಡು ನೋಡಲಿಲ್ಲ, ನಿನ್ನನ್ನು ನೋಡಿದ. ಕೊನೆಯ ಗಳಿಗೆಯಲ್ಲಿ ಎದುರು ತಂಡ ಗೋಲು ಹೊಡೆದು ಕಪ್ಪು ಒಯ್ದಿತು. ನಿನ್ನ ಕಡೆ ಕಲ್ಲು ಬಂದವು. ಒಂದು ಕಿವಿಯ ಮೇಲೆ ತಾಗಿ ರಕ್ತ ಬಂದಿತ್ತು, ನೀನು ಕೈವಸ್ತ್ರದಿಂದ ಒತ್ತಿ ಹಿಡಿದು ನಡೆದೇ ಹೊರಗೆ ಬಂದೆ.

ಮುಂದಿನ ರವಿವಾರ ನೀನು ಊಟಕ್ಕೆ ಬಂದಿದ್ದೆ. ಅಶೋಕರು ಸಾಹುಕಾರರ ಕ್ಯಾಸೆಟ್ಟನ್ನು ಒಪ್ಪ ಮಾಡುತ್ತಿದ್ದರು. "ಮಾವಾರ, ನಿಮ್ಮ ಮ್ಯಾಚೂ ಬಂದೈತ್ರಿ, ನೋಡ್ತೀರೇನು?" ನೀನು ಹುಡುಗರ ಹಾಗೆ ಟಿವಿಯ ಮುಂದೆ ನೆಲಕ್ಕೇ ಕೂತೆ. ನಿನ್ನನ್ನು ನೀನೇ ಮೈದಾನದಲ್ಲಿ ನೋಡಿದ್ದು ಅದೇ ಮೊದಲು, "ಇಷ್ಟ ಸೊಟ್ಟ ಓಡ್ತೀನೇನ ನಾ?" ಅಂತ ನಕ್ಕೆ. ಅದೇ ನಿನ್ನ ಕೊನೆಯ ನಗು ಅಂದರೂ ಆದೀತು. ಆಮೇಲೆ ಆ ಚೆಂಡು ಬಂತು. "ಹಿಂದ ತಿರಗಸ್ರಿ" ಅಂದೆ. ತಿರುಗಿಸಿದರು. "ಸಾವಕಾಶ ಬಿಡ್ರಿ." ಬಿಟ್ಟರು. "ನಿಲ್ಲಸ್ರಿ." ಚಿತ್ರ ಅಲುಗುತ್ತ, ಮೇಲೆ ಕೆಳಗೆ ಬಿಳಿ ಗೆರೆ ಹರಿಯುತ್ತ ನಿಂತಿತು. ಚೆಂಡು ಸುಣ್ಣದ ಗೆರೆಯ ಆಚೆ ಇತ್ತು. ನಡುವೆ ಹುಲ್ಲು ಕಾಣುತ್ತಿತ್ತು. ಅದೇ ಚಿತ್ರದ ಇನ್ನೊಂದು ತುದಿಯಲ್ಲಿ ನೀನೂ ಇದ್ದೆ, ಮುಖ ಚೆಂಡಿನ ಕಡೆಗೇ ಇತ್ತು, ನಡುವೆ ಯಾರೂ ಅಡ್ಡ ಇರಲಿಲ್ಲ. ನೀನು ಅಲ್ಲಿಂದ ಏಳಲಿಲ್ಲ. ನಾನು ಊಟಕ್ಕೆ ಕರೆದೆ, ಕೇಳಿಸಲಿಲ್ಲ.

ಕಮಿಟಿಯ ಕಚೇರಿಗೆ ನೀನು ಹೋದ ದಿನ ಅಶೋಕರೇ ವಿಸಿಆರ್ ಹೊತ್ತುಕೊಂಡು ನಿನ್ನ ಜೊತೆ ಹೋಗಿದ್ದರು. ಬಂದು ಎಲ್ಲ ನನಗೆ ಹೇಳಿದರು. ಅಧ್ಯಕ್ಷರು ಚಿತ್ರ ನೋಡಿದರು, ತಲೆ ಆಡಿಸಿದರು. "ಒಳಗ ಬಿದ್ದೈತಿ, ಖರೇ. ಆದ್ರ ಆಟ ಮುಗದೈತಲ್ರೀ ಮಾಸ್ತರ. ರೆಫ್ರೀ ಹೇಳಿದ್ದ ಕಡೀ ಮಾತು ಅಂತ ನೀವ ಹುಡುಗೂರಿಗೆ ಹೇಳ್ತಿದ್ರಿ."

"ಹೇಳ್ತಿದ್ದೆ. ತಪ್ಪಾಗೇತಿ ಅಂತ ಈಗ ರೆಫ್ರೀನ ಹೇಳಾಕತ್ತಾನಲ್ರೀ."

"ಅದನ್ನ ಬರದ ಕಾನೂನಿಲ್ಲ."

"ಹಂಗಾರ ಬರೂ ವರ್ಷದಿಂದರ ಗೋಲಿನ ಬಾಜೂಕ ಒಂದ ಕ್ಯಾಮೆರಾ, ಒಂದ ಟಿವಿ ಇಡ್ರಿ. ಅನುಮಾನ ಬಂದ್ರ ರೆಫ್ರೀ ಹೋಗಿ ನೋಡ್ಲಿ, ಮತ್ತ ಸೀಟಿ ಊದ್ಲಿ."

ಎಲ್ಲರೂ ನಕ್ಕರಂತೆ. ಆಟ ನಿಲ್ಲಿಸಿ ಟಿವಿ ನೋಡುವುದೇ? ಒಬ್ಬ ಅಂದನಂತೆ, "ನಾಳಿಂದ ಮದುವಿ ಶೂಟಿಂಗ್ ಮಾಡಾವ್ರ ಗೋಲ್ ಕೊಡ್ತಾರ ಬಿಡ್ರಿ." ವಿಸಿಆರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಳಿಯನ ಭುಜದ ಮೇಲೆ ಕೈ ಹಾಕಿ ನೀನು ಹೊರಗೆ ಕರೆತಂದೆ. ಅಲ್ಲಿಂದ ನೇರ ಉದ್ಯಮಬಾಗಕ್ಕೆ ಹೋದಿರಿ. ಮಾಲೀಕ ಟೀಮನ್ನೇ ಮುಚ್ಚಿದ್ದ. ಪರಶುರಾಮನನ್ನು ಕೆಲಸದಿಂದ ಬಿಡಿಸಿಯಾಗಿತ್ತು. "ಸೋತ ಮ್ಯಾಲ ಟೀಮ್ ಯಾಕ ಬೇಕ್ರೀ?" ಅಂದನಂತೆ, ನಿನ್ನನ್ನು ಕುಂದರ್ರಿ ಅಂತಲೂ ಅನ್ನದೆ.

ಗುಂಜಿಗೆ ನಾವಿಬ್ಬರೂ ಹೋದ ಮಧ್ಯಾಹ್ನ ನನ್ನ ಕಣ್ಣ ಮುಂದೆ ಈಗಲೂ ಹಾಗೇ ಇದೆ. ಸ್ಟೇಷನ್ನಿನಿಂದ ಕಾಡಿನ ಅಂಚು ಹಿಡಿದು ನಡೆದೆವು. ಪರಶುರಾಮ ಅಂಗಳದಲ್ಲಿ ಬೇಲಿಗೆ ಬಿದಿರು ಸೀಳುತ್ತ ಕೂತಿದ್ದ. ಅವನ ತಾಯಿ ನೀರು ಬೆಲ್ಲ ತಂದಿಟ್ಟಳು. ನೀನು ನೀರು ಮುಟ್ಟದೆ ಅಂದೆ, "ಪರಶ್ಯಾ, ನಿಂದು ಗೋಲಾಗಿತ್ತಪಾ. ನಾ ಟಿವಿ ಮ್ಯಾಲ ನೋಡೀನಿ. ತಪ್ಪು ನಂದು."

ಮಾತಾಡಿದವಳು ತಾಯಿ. "ಆವತ್ತ ಸೀಟಿ ಊದಬೇಕಿತ್ತಲ್ರೀ ಮಾಸ್ತರ. ಈಗ ಮನೀತನಕಾ ಬಂದು ಹೇಳಿದ್ರ ನನ್ನ ಪೋರನ ಕೆಲಸ ಪರತ ಬರತೈತೇನು?"

"ಬರಂಗಿಲ್ಲ. ನೀ ಹೇಳೂದು ಖರೇ ಐತಿ ತಾಯಿ."

ಆಗ ಪರಶುರಾಮ ತಲೆ ಎತ್ತಿದ. "ಸರ್, ಒಂದ ಕೇಳ್ತೀನ್ರಿ. ಆವತ್ತ ನಿಮಗ ಕಂಡಿತ್ತೇನು?"

ನೀನು ಎಷ್ಟು ಹೊತ್ತು ನೆಲ ನೋಡಿದೆ! ಇಲ್ಲ ಅಂದುಬಿಡು ಅಪ್ಪಾ ಅಂತ ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಅಷ್ಟು ಅಂದಿದ್ದರೆ ಎಲ್ಲರಿಗೂ ಹಗುರಾಗುತ್ತಿತ್ತಲ್ಲ? ನೀನು ಅಂದದ್ದು, "ಗೊತ್ತಿಲ್ಲಪಾ. ಖರೇನ ಹೇಳಾಕತ್ತೀನಿ, ನನಗ ಗೊತ್ತಿಲ್ಲ." ಅವನು ಮತ್ತೆ ಕತ್ತಿ ಎತ್ತಿಕೊಂಡು ಬಿದಿರು ಸೀಳತೊಡಗಿದ. ನಾವು ಎದ್ದೆವು. ಸ್ಟೇಷನ್ನಿಗೆ ಕಳಿಸಲು ಅವನು ಬರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಗಾಡಿ ಕಾಯುತ್ತ ನೀನು ಅಂದ ಮಾತು ನನ್ನೊಳಗೆ ಹಾಗೇ ಉಳಿದಿದೆ. "ಚೆಂಡು ಒಳಗ ಬಿದ್ದದ್ದು ಟಿವಿ ತೋರಿಸ್ತು ಗಿರಿಜಾ. ನಾ ಯಾಕ ಕೊಡಲಿಲ್ಲ ಅನ್ನೂದು ತೋರಿಸಲಿಲ್ಲ. ಕಾಣಲಿಲ್ಲಂತ ಕೊಡಲಿಲ್ಲೋ, ನನ್ನ ಹುಡುಗ ಅಂತ ಕೊಡಲಿಲ್ಲೋ..." ಗಾಡಿ ಬಂತು, ಮಾತು ಅಲ್ಲಿಗೇ ನಿಂತಿತು. ನಾನು ನಿನ್ನ ಕೈ ಹಿಡಿದು ಹತ್ತಿಸಿದೆ. ಹಿಡಿದು ಹತ್ತಿಸುವಷ್ಟು ಮುದುಕನಾಗಿರಲಿಲ್ಲ ನೀನು.

ಅದಾದ ಮೇಲೆ ರವಿವಾರಗಳಲ್ಲಿ ನೀನು ಮನೆಯಲ್ಲೇ ಇರತೊಡಗಿದೆ. ಅವ್ವ ಬಯಸಿದ್ದೇ ಅದು, ಆದರೆ ಅವಳಿಗೂ ಅದು ಬೇಡವಾಯಿತು. "ಹೋಗಿ ಬರ್ರಿ, ಒಂದ ಮ್ಯಾಚಿಗೆ" ಅಂದರೆ, "ಸೀಟಿ ಊದೂ ಮುಂಚೆ ವಿಚಾರ ಬರತೈತಿ. ವಿಚಾರ ಬರಾಂವ ರೆಫ್ರೀ ಆಗಬಾರದು" ಅನ್ನುತ್ತಿದ್ದೆ. ಪರಶುರಾಮ ಗೋವೆಯ ಬಂದರಿಗೆ ಕೆಲಸ ಹುಡುಕಿಕೊಂಡು ಹೋದನೆಂದು ಸುದ್ದಿ ಬಂತು. ಗುಂಜಿ ಕಡೆಯಿಂದ ಯಾರೇ ಸಿಕ್ಕರೂ ನೀನು ಅವನ ಬಗ್ಗೆ ಕೇಳುತ್ತಿದ್ದೆ. ದಶಕ ಮುಗಿಯುವುದರೊಳಗೆ ಸಾಲೆಯ ಮೈದಾನದಲ್ಲೇ, ಹುಡುಗರನ್ನು ಸಾಲಾಗಿ ನಿಲ್ಲಿಸುತ್ತಿದ್ದಾಗ, ಎದೆ ಹಿಡಿದುಕೊಂಡು ಕೂತೆ. ದವಾಖಾನೆ ಮುಟ್ಟಲಿಲ್ಲ.

ಹೋದ ತಿಂಗಳು ನಮ್ಮ ಬಾಗಿಲಿಗೆ ಒಬ್ಬ ಮುದುಕ ಬಂದು ನಿಂತ. ತಲೆ ಪೂರ್ತಿ ಬೆಳ್ಳಗೆ. "ಅಕ್ಕಾ" ಅಂದ ಮೇಲೆ ಗುರುತು ಸಿಕ್ಕಿತು. ಮೊಣಕಾಲು ತೋರಿಸಲು ಬೆಳಗಾವಿಗೆ ಬಂದಿದ್ದನಂತೆ. ಜಗುಲಿಯ ಟಿವಿಯಲ್ಲಿ ಅಶೋಕರು ಯಾವುದೋ ದೇಶದ ಪಂದ್ಯ ಹಚ್ಚಿದ್ದರು. ಚಹಾ ಕುಡಿಯುತ್ತಿದ್ದಂತೆ ಅಲ್ಲಿ ಒಂದು ಗೋಲಿನ ಜಗಳ ಎದ್ದಿತು. ರೆಫರಿ ಮೈದಾನದ ಅಂಚಿಗೆ ಓಡಿದ, ಅಲ್ಲಿಟ್ಟ ಟಿವಿಯನ್ನು ಬಗ್ಗಿ ನೋಡಿದ, ತಿರುಗಿ ಬಂದು ಮೊದಲು ಕೊಡದ ಗೋಲನ್ನು ಕೊಟ್ಟ. ಹೌದು ಅಪ್ಪಾ, ಈಗ ಹಾಗೆ ಮಾಡುತ್ತಾರೆ. ನೀನು ಕೇಳಿದ್ದನ್ನೇ. ಯಾರೂ ನಗುವುದಿಲ್ಲ. ಅಶೋಕರು ಕಣ್ಣೊರೆಸಿಕೊಂಡು ಒಳಗೆ ಹೋದರು.

ಪರಶುರಾಮ ಟಿವಿ ನೋಡುತ್ತಲೇ ಅಂದ, "ಇವರಿಗೆ ಟಿವಿ ಗೆರಿ ಬಾಜೂಕ ಐತಿ. ನಮ್ಮ ಸರ್ ಗುಂಜಿತನಕಾ ಬಂದಿದ್ರು." ಚಹಾದ ಬಟ್ಟಲು ಕೆಳಗಿಟ್ಟು ನನ್ನ ಕಡೆ ತಿರುಗಿದ. "ಅಕ್ಕಾ, ಅವರು ಗೊತ್ತಿಲ್ಲ ಅಂದ್ರಲಾ, ನನಗ ಗೊತ್ತಿತ್ತು. ಕಂಡಿದ್ರ ಸರ್ ಕೊಟ್ಟ ಕೊಡ್ತಿದ್ರು. ನಾ ಆಗಲಿ, ಯಾರ ಆಗಲಿ. ಆವತ್ತ ಸಿಟ್ಟು ಇಳದ ಮ್ಯಾಲ ಅದನ್ನ ಹೇಳಾಕಂತ ಸ್ಟೇಷನ್ನಿಗೆ ಓಡಿ ಬಂದೆ. ಗಾಡಿ ಬಿಟ್ಟಿತ್ತು. ಕಡೀ ಡಬ್ಬಿ ಕಾಣ್ತು."

ಬಂದಿದ್ದನಂತೆ ಅಪ್ಪಾ. ನಾವು ಇನ್ನೊಂದು ಕಿಟಕಿಯ ಕಡೆ ಕೂತಿದ್ದೆವು, ಕಾಡಿನ ಕಡೆ. ತಿರುಗಿ ಈ ಕಡೆ ನೋಡಿದ್ದರೆ... ಗೋವೆಯಿಂದ ಒಮ್ಮೆ ಬರಬೇಕು, ಬರಬೇಕು ಅನ್ನುವಷ್ಟರಲ್ಲಿ ನೀನು ಹೋದ ಸುದ್ದಿ ಅವನಿಗೆ ಮುಟ್ಟಿತಂತೆ.

ಅವನ ಮಾತು ಖರೆಯೋ, ನಿನ್ನ ಮೇಲಿನ ಪ್ರೀತಿಗೆ ಅಂದದ್ದೋ, ನನಗೆ ತಿಳಿಯದು. ನಿನ್ನ ಹಾಗೆ ನಾನೂ ಗೊತ್ತಿಲ್ಲ ಅಂತಲೇ ಹೇಳಬೇಕು. ಬರುವ ಸೋಮವಾರ ಅವನು ಮತ್ತೆ ದವಾಖಾನೆಗೆ ಬರುವವನಿದ್ದಾನೆ, ಆಗ ಅವನನ್ನು ಖಾನಾಪುರಕ್ಕೆ, ನಿನ್ನ ಸಮಾಧಿಯ ಹತ್ತಿರ ಕರೆತರುತ್ತೇನೆ. ಮೊಣಕಾಲು ನೋವು, ನಿಧಾನ ಬರುತ್ತಾನೆ. ಆ ಮಾತನ್ನು ಅವನ ಬಾಯಿಂದಲೇ ಕೇಳು. ನಾನು ಗೇಟಿನ ಆಚೆ ನಿಂತಿರುತ್ತೇನೆ.

ನಿನ್ನ ಮಗಳು,
ಗಿರಿಜಾ