ಅಣ್ಣ ಬರೆದ ವಂಶಾವಳಿ

೯ ನವೆಂಬರ್, ಭಾನುವಾರ, ಡೊಂಬಿವಲಿ.

ಒಡಹುಟ್ಟಿದ ಅಣ್ಣನೇ ಆದರೂ ಧರ್ಮಪಾಲಣ್ಣನ ಮೇಲೆ ನನಗೆ ಸಂಶಯ. ಇಲ್ಲಿನ ನಮ್ಮ ಊರವರ ಸಂಘದ ಸ್ಮರಣ ಸಂಚಿಕೆಗೆಂದು ನಮ್ಮ ಮನೆತನದ ಬೀಡಿನ, ಅಂದರೆ ಅರಮನೆಯ, ಅರಸರ ಚರಿತ್ರೆ ಬರೆದು ತಂದಿದ್ದ. ಕಂಪನಿ ಸರಕಾರ ಸೀಮೆ ಕಿತ್ತುಕೊಂಡು ಪಿಂಚಣಿ ಕೊಟ್ಟದ್ದೆಲ್ಲ ಸರಿಯೇ ಉಂಟು. ಆದರೆ ವಂಶಾವಳಿಯಲ್ಲಿ ಪಟ್ಟ ಅಪ್ಪನಿಂದ ಮಗನಿಗೆ! ನಮ್ಮದು ಅಳಿಯಸಂತಾನ, ಅರಸನ ನಂತರ ಅವನ ತಂಗಿಯ ಮಗ. ಅಣ್ಣನ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ, ಕೊನೆಯಲ್ಲಿ ಮಾತ್ರ ಅಣ್ಣನ ಮಗ ಹಿತೇಶ.

“ಬ್ರಿಟಿಷರ ಕಾಗದದಲ್ಲಿ ಹಾಗೇ ಉಂಟು ಮಾರಾಯ್ತಿ” ಅಂದ.

“ತೋರಿಸು” ಅಂದೆ. ಮೊಬೈಲಿನಿಂದ ಫೋಟೋ ಡಿಲೀಟ್ ಆಯಿತಂತೆ!

ಹಿತೇಶನಿಗೂ ನನ್ನ ಮಗ ಜಯೇಶನಿಗೂ ಕನ್ನಡ ಓದಲು ಬರುವುದಿಲ್ಲ, ಬೀಡಿನ ಒಂದು ಹಂಚೂ ಉಳಿದಿಲ್ಲ. ಆದರೂ ಅಣ್ಣ ಚಾ ಕುಡಿದು ಹೋದ ಮೇಲೆ ಅವನು ಬಿಟ್ಟುಹೋದ ಹಾಳೆಯಲ್ಲಿ ಹಿತೇಶನ ಹೆಸರು ಹೊಡೆದುಹಾಕಿ ಜಯೇಶ ಅಂತ ಬರೆದೆ. ಅಮ್ಮನ ಹೆಸರು, ಅಜ್ಜಿಯ ಹೆಸರು ಬರೆಯಬೇಕೆಂದು ನನಗೂ ಹೊಳೆಯಲಿಲ್ಲವಲ್ಲ...